ಗುನ್ನುಲ್ಫನಿಂದ ಕಲಿತದ್ದು

ಕ್ರಿಸ್ಟಿಯಾನಿಯಾ, ೪ ಜುಲೈ ೧೯೨೩

ಪ್ರೀತಿಯ ಬೆರ್ಗಿತ್,

ಗೆದ್ದೆ! ಇದನ್ನು ಮೊದಲು ಬರೆದುಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಶೀಯೆನ್‌ನ ಪಿಟೀಲು ಸ್ಪರ್ಧೆಗೆ ನಲವತ್ತೊಂದು ಜನ ಬಂದಿದ್ದರು. ಅರ್ಧಕ್ಕರ್ಧ ಗಡ್ಡದ ಮುದುಕರು. ಪಿಟೀಲಿಗಿಂತ ಅವರ ಮೊಣಕಾಲೇ ಹೆಚ್ಚು ಕಿರುಗುಟ್ಟುತ್ತಿತ್ತು. ಮೊದಲ ಬಹುಮಾನವಾಗಿ ಒಂದು ಬೆಳ್ಳಿಯ ಹೂಜಿ ಕೊಟ್ಟರು. ಈಗ ಅದು ನನ್ನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಕೂತಿದೆ. ಮನೆಯೊಡತಿ ಬಂದು ನೋಡಿ, "ಇದ್ರಲ್ಲಿ ಹೂ ಇಡ್ಲಾ?" ಎಂದಳು. "ಬಿಯರ್ ಹಾಕೋ ಪಾತ್ರೆ ಕಣಮ್ಮಾ," ಎಂದೆ. ಮುಖ ಗಂಟಿಕ್ಕಿಕೊಂಡು ಹೋದಳು.

ನಾನು ಈ ಪಟ್ಟಣಕ್ಕೆ ಬಂದು ಹದಿನೆಂಟು ವರ್ಷ. ಊಟದ ಹೋಟೆಲುಗಳಲ್ಲಿ ಮೀನು ತಿನ್ನುವವರ ಮುಂದೆ ನುಡಿಸಿದ್ದೇನೆ, ಮದುವೆಗಳಲ್ಲಿ ಕುಡುಕರು ಪಿಟೀಲಿನ ಮೇಲೆ ಬೀಳದಂತೆ ಬೆನ್ನು ಅಡ್ಡ ಕೊಟ್ಟು ನುಡಿಸಿದ್ದೇನೆ. ಪತ್ರಿಕೆಯವರು ನನ್ನ ಹೆಸರನ್ನು ತಪ್ಪಿಲ್ಲದೆ ಅಚ್ಚು ಹಾಕಿದ್ದು ಇದೇ ಮೊದಲು. ವಿಶ್ವವಿದ್ಯಾಲಯದ ಒಬ್ಬರು ಪ್ರೊಫೆಸರ್ ಹಳೆಯ ಮಟ್ಟುಗಳ ದೊಡ್ಡ ಪುಸ್ತಕ ಮಾಡುತ್ತಿದ್ದಾರೆ. ನನ್ನೊಬ್ಬನಿಂದಲೇ ಹದಿನೆಂಟು ಮಟ್ಟು ಬರೆದುಕೊಳ್ಳುತ್ತಾರಂತೆ. ಸರ್ಕಾರದ ಕಲಾವಿದರ ವೇತನಕ್ಕೂ ನನ್ನ ಹೆಸರು ಹೋಗಿದೆ ಎಂದು ಅವರೇ ಕಿವಿಯಲ್ಲಿ ಹೇಳಿದರು.

ಇನ್ನೊಂದು ಮಾತು. ತೀರ್ಪುಗಾರರು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ "ಯಾರಿಂದ ಕಲಿತದ್ದು?" ಎಂದು ಕೇಳಿದರು. ನಾನು ನಿಮ್ಮಪ್ಪನ ಹೆಸರು ಹೇಳಿದೆ. "ಹೌಗೆನ್ ಮನೆಯ ಗುನ್ನುಲ್ಫನಿಂದ." ಮುದುಕರೆಲ್ಲ ಟೋಪಿ ತೆಗೆದರು. ದೇವರ ದಾರಿ ಹಿಡಿದು ಪಿಟೀಲು ಸುಟ್ಟು ಇಪ್ಪತ್ತೊಂಬತ್ತು ವರ್ಷವಾದ ಮೇಲೂ ಆ ಹೆಸರಿಗೆ ಟೋಪಿ ತೆಗೆಯುತ್ತಾರೆ, ನೋಡು. ಇದನ್ನು ಅವರಿಗೆ ಹೇಳಲೇಬೇಕೆಂದೇನೂ ಇಲ್ಲ. ಅವರಿಗೆ ಇಂಥದ್ದೆಲ್ಲ ಈಗ ಹಿಡಿಸುವುದಿಲ್ಲ.

ಆಡುಗಳು ಬೆಟ್ಟ ಹತ್ತಿದವೇ? ನಿನ್ನ ಕಂದು ಚೀಸ್ ನೆನೆದರೆ ಇಲ್ಲಿನ ಚೀಸ್ ಸಾಬೂನು.

ನಿನ್ನ ಸ್ವೈನುಂಗ್


ಹೌಗೆನ್, ೨೨ ಜುಲೈ ೧೯೨೩

ಸ್ವೈನುಂಗ್,

ಹುಲ್ಲು ಕೊಯ್ಲು ನಡೆದಿದೆ, ಅಂಗೈ ತುಂಬ ಬೊಬ್ಬೆ. ಅಕ್ಷರ ಸೊಟ್ಟಗಿದ್ದರೆ ನೀನೇ ನೆಟ್ಟಗೆ ಮಾಡಿ ಓದಿಕೋ.

ಪತ್ರಿಕೆ ನಿನ್ನ ಕಾಗದಕ್ಕಿಂತ ಮೊದಲು ಬಂತು. ಅಂಗಡಿಯಲ್ಲಿ ಜನರ ಮುಂದೆ ಗಟ್ಟಿಯಾಗಿ ಓದಿದರು. ನಿನ್ನ ಕಾಗದದಲ್ಲಿ ಇಲ್ಲದ್ದು ಪತ್ರಿಕೆಯಲ್ಲಿದೆ. "ಗುನ್ನುಲ್ಫನ ಮಟ್ಟೆಲ್ಲ ನನಗೆ ಗೊತ್ತು, ಇದು ಗೊತ್ತಿಲ್ಲ, ಯಾವಾಗ ಕಲಿತೆ?" ಎಂದು ತೀರ್ಪುಗಾರರಲ್ಲಿ ಒಬ್ಬರು ನಿನ್ನನ್ನು ಕೇಳಿದರಂತೆ. "ನಾಲ್ಕು ವರ್ಷದ ಹಿಂದೆ, ಕುದುರೆ ಲಾಯದಲ್ಲಿ, ಬಾಯಲ್ಲಿ ಗುನುಗಿ ಹೇಳಿಕೊಟ್ಟರು," ಎಂದು ನೀನು ಹೇಳಿದೆಯಂತೆ.

ಶುಕ್ರವಾರ ಪ್ರಾರ್ಥನೆ ಮನೆಯ ಹಿರಿಯರು ಮೂವರು ಬಂದರು. ಕಾಫಿ ಕುಡಿದರು, ರೊಟ್ಟಿ ಮುಟ್ಟಲಿಲ್ಲ. ಏನೋ ಕೆಟ್ಟದ್ದಿದೆ ಎಂದು ಅಲ್ಲಿಗೇ ಗೊತ್ತಾಯಿತು.

"ಗುನ್ನುಲ್ಫ್, ನೀವು ಅಂಗಳದಲ್ಲಿ ಪಿಟೀಲು ಸುಟ್ಟಾಗ ನಾನೂ ಅಲ್ಲೇ ಇದ್ದೆ," ಎಂದರು ಅವರಲ್ಲಿ ಹಿರಿಯರಾದ ಹಾಲ್ವರ್. "ಇನ್ಮೇಲೆ ಒಂದು ಸ್ವರಾನೂ ನನ್ನಿಂದ ಬರಲ್ಲ, ಕೈಯಿಂದಾಗ್ಲಿ ಬಾಯಿಂದಾಗ್ಲಿ, ಅಂತ ದೇವರ ಮುಂದೆ ಆಣೆ ಇಟ್ರಿ. ಈಗ ಪತ್ರಿಕೇಲಿ ಬಂದಿರೋದು ನಿಜಾನಾ?"

ಅಪ್ಪ ಸಕ್ಕರೆ ಬಟ್ಟಲನ್ನು ಅವರ ಕಡೆ ತಳ್ಳಿದ.

"ಹೌದು ಅನ್ನಿ, ಇಲ್ಲ ಅನ್ನಿ. ಒಂದು ಮಾತು ಸಾಕು ನಮಗೆ."

ಅಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಕಾಫಿ ಆರ್ತಾ ಇದೆ, ಕುಡೀರಿ," ಎಂದ, ಅಷ್ಟೆ.

ನೀನು ಹನ್ನೆರಡು ವರ್ಷದವನಾಗಿ ನಮ್ಮ ಮನೆಗೆ ಕಲಿಯಲು ಬಂದಾಗ ನಾನು ಬಾಗಿಲ ಬಳಿ ಕೂತು ಬೆಣ್ಣೆ ಕಡೆಯುತ್ತಿದ್ದೆ. ಎರಡು ಚಳಿಗಾಲದಲ್ಲಿ ನೀನು ಹದಿನೇಳು ಮಟ್ಟು ಕಲಿತೆ. ಎಲ್ಲವೂ ನನ್ನ ಕಿವಿಯಲ್ಲಿವೆ. ಈ ಹದಿನೆಂಟನೆಯದು ಎಲ್ಲಿಂದ ಬಂತು? ಅಪ್ಪ ನಿನಗೆ ಗುನುಗಿದ್ದು ನಿಜವೇ? ಇದೊಂದಕ್ಕೆ ಉತ್ತರ ಬರೆ. ಬೇರೆ ಏನೂ ಬೇಡ.

ಬೆರ್ಗಿತ್


ಬರ್ಗೆನ್, ೧೪ ಆಗಸ್ಟ್ ೧೯೨೩

ಪ್ರೀತಿಯ ಬೆರ್ಗಿತ್,

ನಿನ್ನ ಕಾಗದ ಮೂರು ಊರು ಸುತ್ತಿ ನನ್ನನ್ನು ಹಿಡಿಯಿತು. ಊರಿಂದೂರಿಗೆ ಕಛೇರಿ ನಡೆದಿದೆ. ಎಲ್ಲ ಕಡೆಯೂ ಬಹುಮಾನದ ಮಟ್ಟು ನುಡಿಸಿ ಎನ್ನುತ್ತಾರೆ, ನುಡಿಸಿದ ಮೇಲೆ ಇನ್ನೊಮ್ಮೆ ಎನ್ನುತ್ತಾರೆ. ಇಲ್ಲಿ ದಿನಾ ಮಳೆ. ಪಿಟೀಲಿನ ನುಡಿಸುವ ತಂತಿಗಳ ಅಡಿಯಲ್ಲಿ ಮರುದನಿ ಕೊಡುವ ಕೆಳತಂತಿಗಳು ಗಳಿಗೆಗೊಮ್ಮೆ ಶ್ರುತಿ ಬಿಡುತ್ತವೆ. ನನ್ನ ಪಿಟೀಲಿಗೆ ಹೊಟ್ಟೆನೋವು ಎಂದು ಸಭೆಗೆ ಹೇಳಿ ನಗಿಸಿ, ಆ ಸಂದಿನಲ್ಲಿ ಶ್ರುತಿ ಮಾಡಿಕೊಳ್ಳುತ್ತೇನೆ.

ಹಾಲ್ವರ್‌ನಂಥವರಿಗೆ ಪಿಟೀಲು ಅಂದರೆ ಸೈತಾನನ ತೊಟ್ಟಿಲು. ಅವರ ಮಾತಿಗೆ ನೀನು ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ ಎಂದು ನಾನು ಎಣಿಸಿರಲಿಲ್ಲ. ನಿನಗೂ ಈಗ ನನ್ನ ಕಸುಬು ಪಾಪವಾಗಿ ಕಾಣುತ್ತಿದೆಯೇ?

ನೀನು ಕೇಳಿದ್ದಕ್ಕೆ ಉತ್ತರ: ಹೌದು. ನಾಲ್ಕು ವರ್ಷದ ಹಿಂದಿನ ಚಳಿಗಾಲ ನಾನು ಮೂರು ದಿನ ನಿಮ್ಮಲ್ಲಿ ಉಳಿದಿದ್ದೆನಲ್ಲ, ನೀನು ಅಂಗಡಿಗೆ ಹೋಗಿದ್ದ ಹೊತ್ತು. ನಿಮ್ಮಪ್ಪ ಕುದುರೆಯ ಮೈ ತಿಕ್ಕುತ್ತಿದ್ದರು. ತಿಕ್ಕುತ್ತ ತಿಕ್ಕುತ್ತ ಗುನುಗಿದರು. ಎರಡೇ ಸಲ. ಪಿಟೀಲು ಮುಟ್ಟಲಿಲ್ಲವಲ್ಲ, ಆಣೆ ಪೂರ್ತಿ ಮುರಿದಂತೆಯೂ ಅಲ್ಲ. ವಯಸ್ಸಾದವರು, ಒಂದು ಗಳಿಗೆ ಮನಸ್ಸು ಸಡಿಲವಾಯಿತು. ಅವರನ್ನು ಕ್ಷಮಿಸಿಬಿಡು.

ಸ್ವೈನುಂಗ್


ಹೌಗೆನ್, ೩ ನವೆಂಬರ್ ೧೯೨೩

ಸ್ವೈನುಂಗ್,

ಬರೆಯಲು ತಡವಾಯಿತು. ಬರೆಯುವುದೇ ಬೇಡ ಎಂದಿದ್ದೆ.

ಅಮ್ಮ ತೀರಿಕೊಂಡದ್ದು ನಿನಗೆ ಗೊತ್ತು, ಹೇಗೆಂದು ಗೊತ್ತಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಫೆಬ್ರವರಿಯಲ್ಲಿ. ಮೂರು ವಾರ ಮಲಗಿದ್ದಳು. ಕೊನೆಯ ದಿನಗಳಲ್ಲಿ ನೋವಿಗೆ ಹಾಸಿಗೆಯ ಹಲಗೆ ಹಿಡಿದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪನನ್ನು ಕರೆದಳು.

"ನಮ್ಮ ಮದ್ವೇಲಿ ನುಡಿಸಿದ್ರಲ್ಲ, ಅದು. ಒಂದೇ ಸಲ. ಬಾಯಲ್ಲೇ ಗುನುಗಿ ಸಾಕು. ಯಾರಿಗೂ ಕೇಳ್ಸಲ್ಲ."

"ಆಣೆ ಇಟ್ಟಿದೀನಿ ಇಂಗೆರಿದ್."

"ದೇವರಿಗೆ ನಾನೇ ಹೋಗಿ ಹೇಳ್ತೀನಿ. ಹೆಂಗೂ ಹೊರಟೇ ಇದೀನಲ್ಲ."

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತ, ಆಮೇಲೆ ಎದ್ದು ಹೋಗಿ ಸೌದೆ ಸೀಳಿದ. ಎರಡು ದಿನಕ್ಕೆ ಅಮ್ಮ ಹೋದಳು. ಗುನುಗಲಿಲ್ಲ ಅವನು.

ಆಗ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಸ್ವೈನುಂಗ್. ಅಳು ಬಂತು, ಆದರೆ ಸಿಟ್ಟು ಬರಲಿಲ್ಲ. ಕೊಟ್ಟ ಮಾತಿಗೆ ಇಷ್ಟು ನಿಷ್ಠೆ ಇರುವ ಮನುಷ್ಯ ನನ್ನ ಅಪ್ಪ ಎಂದು ಎದೆಯೊಳಗೆ ಒಂದು ಹೆಮ್ಮೆ ಇತ್ತು. ಅದನ್ನೇ ಹಿಡಿದುಕೊಂಡು ನಾನು ಈ ಮನೆಯಲ್ಲಿ ಉಳಿದೆ. ಮದುವೆ ಕೇಳಿಕೊಂಡು ಬಂದ ಇಬ್ಬರನ್ನು ಕಳಿಸಿಬಿಟ್ಟೆ. ಸಾಯುವ ಹೆಂಡತಿಗೆ ಇಲ್ಲ ಎಂದವನು ಕುದುರೆ ಲಾಯದಲ್ಲಿ ನಿನಗೆ ಗುನುಗಿದನಂತೆ! ಅದೂ ಎರಡು ಸಲ!

ನಾನು ಅವನೊಂದಿಗೆ ಮಾತು ಬಿಟ್ಟು ಹತ್ತು ವಾರವಾಯಿತು. ಗಂಜಿ ಬಡಿಸಿ ಬೆನ್ನು ಹಾಕಿ ನಿಲ್ಲುತ್ತೇನೆ. ಮೊದಮೊದಲು "ಏನಾಯ್ತಮ್ಮಾ?" ಎಂದು ಕೇಳುತ್ತಿದ್ದ. ನಿನ್ನ ಕಾಗದವನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದ. ಮಡಿಚಿ ವಾಪಸ್ ಇಟ್ಟ. ಆಮೇಲೆ ಕೇಳಲಿಲ್ಲ.

ಪ್ರಾರ್ಥನೆ ಮನೆಯಲ್ಲಿ ಇಪ್ಪತ್ತು ವರ್ಷ ಗಟ್ಟಿಯಾಗಿ ಬೈಬಲ್ ಓದುತ್ತಿದ್ದವನು ಅವನು. ಈಗ ಓದಲು ಕರೆಯುವುದಿಲ್ಲ. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರಬೇಕು, ತಪ್ಪೊಪ್ಪಿಕೊಂಡು ಪಶ್ಚಾತ್ತಾಪ ಪಡುವ ತನಕ. ಎಪ್ಪತ್ತೆಂಟು ವರ್ಷದವನು. ಬಾಗಿಲು ತೆರೆದಾಗೆಲ್ಲ ಹಿಮಗಾಳಿ ಅವನ ಕತ್ತಿನ ಮೇಲೇ ಬೀಳುತ್ತದೆ. ನಾನು ಹೆಂಗಸರ ಕಡೆ ಕೂತು ಹಿಂದಿರುಗಿ ನೋಡುವುದಿಲ್ಲ. ನನಗೆ ನನ್ನ ಅಪ್ಪನೆಂದರೆ ನಾಚಿಕೆ.

ಬೆರ್ಗಿತ್


ಕ್ರಿಸ್ಟಿಯಾನಿಯಾ, ೧೪ ಡಿಸೆಂಬರ್ ೧೯೨೩

ಪ್ರೀತಿಯ ಬೆರ್ಗಿತ್,

ಕ್ರಿಸ್‌ಮಸ್ ಶುಭಾಶಯ. ಈ ಪೊಟ್ಟಣದಲ್ಲಿ ಒಳ್ಳೆಯ ಕಾಫಿ ಬೀಜ ಇದೆ, ನಿನಗೆ ಒಂದು ಉಣ್ಣೆ ಶಾಲು, ನಿಮ್ಮಪ್ಪನಿಗೆ ಕತ್ತಿಗೆ ಸುತ್ತಿಕೊಳ್ಳಲು ಒಂದು ಪಟ್ಟಿ. ಆ ಬೆಂಚು ಗಾಳಿಗೆ ಇದೆ ಎಂದಿದ್ದೆಯಲ್ಲ.

ನಿನ್ನ ಕಾಗದಕ್ಕೆ ಏನು ಉತ್ತರ ಬರೆಯಬೇಕೋ ತಿಳಿಯಲಿಲ್ಲ. ಆರು ಸಲ ಬರೆಯಲು ಕೂತೆ. ಮನುಷ್ಯರಲ್ಲವೇ, ಎಲ್ಲರಿಂದಲೂ ತಪ್ಪಾಗುತ್ತದೆ. ಅವರೊಂದಿಗೆ ಮಾತಾಡು, ದಯವಿಟ್ಟು. ಅವರು ಮಾಡಿದ್ದು ಅಂಥ ದೊಡ್ಡ ಪಾಪವೇನಲ್ಲ.

ಪ್ರೊಫೆಸರರ ಪುಸ್ತಕ ಬರುವ ಶರತ್ಕಾಲಕ್ಕೆ ಅಚ್ಚಿಗೆ ಹೋಗುತ್ತದೆ. ಸರ್ಕಾರದ ವೇತನ ಮಂಜೂರಾಯಿತು. ಇದನ್ನು ಸಂತೋಷದಿಂದ ಬರೆಯಬೇಕೆಂದಿದ್ದೆ.

ಸ್ವೈನುಂಗ್


ಹೌಗೆನ್, ೬ ಜನವರಿ ೧೯೨೪

ಪೊಟ್ಟಣ ವಾಪಸ್ ಕಳಿಸಿದ್ದೇನೆ. ಕತ್ತಿನ ಪಟ್ಟಿ ಮಾತ್ರ ಅಪ್ಪ ಇಟ್ಟುಕೊಂಡ. ಯಾಕೆ ಎಂದು ಕೇಳಲಿಲ್ಲ, ಮಾತಿಲ್ಲವಲ್ಲ.

ಬೆರ್ಗಿತ್


ಕ್ರಿಸ್ಟಿಯಾನಿಯಾ, ೧೭ ಮಾರ್ಚ್ ೧೯೨೪

ಬೆರ್ಗಿತ್,

ಇದನ್ನು ಒಬ್ಬಳೇ ಇದ್ದಾಗ ಓದು.

ನಿಮ್ಮಪ್ಪ ಗುನುಗಲಿಲ್ಲ. ಆ ಚಳಿಗಾಲ ಲಾಯದಲ್ಲಿ ನಾನು ಅವರ ಪಕ್ಕ ನಿಂತಿದ್ದು ನಿಜ. "ಒಂದೇ ಒಂದು ಮಟ್ಟು, ಯಾರಿಗೂ ಹೇಳಲ್ಲ," ಎಂದು ನಾನು ಗೋಗರೆದದ್ದೂ ನಿಜ. ಅವರು ಕುದುರೆಯ ಆಚೆ ಮಗ್ಗುಲಿಗೆ ಹೋಗಿ ನಿಂತರು. "ಬ್ರಷ್ ಕೊಡು," ಎಂದರು. ಅಷ್ಟೇ ನಡೆದದ್ದು.

ಮಟ್ಟು ನನ್ನದು. ನಾನೇ ಕಟ್ಟಿದ್ದು. ಎರಡು ವರ್ಷ ಹಿಡಿಯಿತು.

ನೀನು ಕೇಳಬಹುದು, ನಿನ್ನದನ್ನು ನಿನ್ನದು ಎನ್ನಲು ಏನು ಕಷ್ಟವಾಗಿತ್ತು ಎಂದು. ಶೀಯೆನ್ ಸ್ಪರ್ಧೆಯ ಹಿಂದಿನ ವರ್ಷ ಪಶ್ಚಿಮ ಕರಾವಳಿಯ ಒಂದು ಸ್ಪರ್ಧೆಯಲ್ಲಿ ಇದೇ ಮಟ್ಟು ನುಡಿಸಲು ನಿಂತಿದ್ದೆ. ಯಾರಿಂದ ಕಲಿತದ್ದು ಎಂದರು. "ಯಾರಿಂದಲೂ ಅಲ್ಲ, ನಾನೇ ಮಾಡಿದ್ದು," ಎಂದೆ. ಎದೆಯುಬ್ಬಿಸಿಯೇ ಹೇಳಿದೆ. ಮುಂದಿನ ಸಾಲಿನಲ್ಲಿ ಒಬ್ಬ, "ಹೋಟ್ಲಲ್ಲಿ ಮೀನು ಬೇಯ್ತಾ ಇರ್ಬೇಕಾದ್ರೆ ಮಾಡಿದ್ನೋ ಏನೋ!" ಎಂದ. ಸಭೆಯೆಲ್ಲ ನಕ್ಕಿತು. ತೀರ್ಪುಗಾರರೂ ನಕ್ಕರು. "ಅದನ್ನ ಮನೇಲಿ ನುಡಿಸ್ಕೊಳ್ಳಪ್ಪ, ಇಲ್ಲಿ ಹಳೇದು ಯಾವುದಾದ್ರೂ ಬಾರ್ಸು," ಎಂದರು. ನಾನು ಕಮಾನು ಇಳಿಸಿ ಕೆಳಗೆ ಬಂದೆ. ಆ ನಗುವನ್ನು ಬೆನ್ನ ಮೇಲೆ ಹೊತ್ತು ರೈಲು ಹತ್ತಿದೆ.

ಶೀಯೆನ್‌ನಲ್ಲಿ ಅದೇ ಪ್ರಶ್ನೆ ಬಂದಾಗ ನಾಲಿಗೆ ತಾನೇ ಹೊರಳಿತು. ಒಂದು ಸ್ವರವನ್ನೂ ಬದಲಿಸಲಿಲ್ಲ, ಬೆರ್ಗಿತ್. ಅದೇ ಮಟ್ಟು, ನಿಮ್ಮಪ್ಪನ ಹೆಸರು ಹಚ್ಚಿದೊಡನೆ ಜನ ಕಣ್ಣೀರು ಒರೆಸಿಕೊಂಡರು. ನನಗೆ ಗೆದ್ದ ಸಂತೋಷವೂ ಇತ್ತು, ನನ್ನ ಮಟ್ಟಿನ ಬಗ್ಗೆ ನಾನೇ ನಾಚಿಕೊಂಡೆನಲ್ಲ ಎಂಬ ಅಸಹ್ಯವೂ ಇತ್ತು. ಆಮೇಲೆ ಆ ಇನ್ನೊಂದು ಪ್ರಶ್ನೆ ಬಂತು, ಯಾವಾಗ ಕಲಿತೆ ಎಂದು. ಒಂದು ಸುಳ್ಳಿಗೆ ಲಾಯ ಬೇಕಾಯಿತು, ಲಾಯಕ್ಕೆ ಕುದುರೆ ಬೇಕಾಯಿತು.

ನಿನ್ನ ನವೆಂಬರಿನ ಕಾಗದ ಓದಿದ ದಿನವೇ ಬರೆಯಬೇಕಿತ್ತು. ಬರೆಯಲಿಲ್ಲ. ಬದಲಿಗೆ ಕಾಫಿ ಬೀಜ ಕಳಿಸಿದೆ. ನೆನೆದರೆ ಮೈಮೇಲೆ ಹುಳ ಹರಿದಂತಾಗುತ್ತದೆ.

ನಿನ್ನನ್ನು ಒಂದೇ ಬೇಡುತ್ತೇನೆ. ಅಪ್ಪನೊಂದಿಗೆ ಮಾತಾಡು, ಆದರೆ ಹೊರಗೆ ಹೇಳಬೇಡ. ಒಂದು ಮಟ್ಟು ಸುಳ್ಳು ಎಂದು ಗೊತ್ತಾದರೆ ಪ್ರೊಫೆಸರರು ಹದಿನೆಂಟನ್ನೂ ಹರಿದು ಹಾಕುತ್ತಾರೆ. ಹದಿನೆಂಟು ವರ್ಷದ ದುಡಿಮೆ ಹೋಗುತ್ತದೆ.

ಸ್ವೈನುಂಗ್


ಹೌಗೆನ್, ೩೦ ಮಾರ್ಚ್ ೧೯೨೪

ಸ್ವೈನುಂಗ್,

ನಿನ್ನ ಕಾಗದ ಓದಿ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಿನ್ನ ಮೇಲೆ ಕೂಗಾಡಬೇಕೆಂದಿದ್ದೆ. ನೀನು ಸುಳ್ಳು ಹೇಳಿದೆ ಸರಿ, ಅದನ್ನು ನಂಬಿದವಳು ನಾನು! ನಲವತ್ತು ವರ್ಷ ಒಂದೇ ಸೂರಿನಡಿ ಇದ್ದ ಮನುಷ್ಯನಿಗಿಂತ ಮೂರು ದಿನ ಬಂದು ಹೋದವನ ಕಾಗದವನ್ನು ನಂಬಿದೆ. ಏಳು ತಿಂಗಳು ಅವನಿಗೆ ಬೆನ್ನು ತೋರಿಸಿದೆ. ಈ ನಾಚಿಕೆಯನ್ನು ನಾನು ಯಾರಿಗೆ ವಾಪಸ್ ಕಳಿಸಲಿ?

ಒಳಗೆ ಹೋಗಿ ಅಪ್ಪನ ಎದುರು ಕೂತೆ. "ನೀನು ಗುನುಗಲಿಲ್ಲ," ಎಂದೆ.

"ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ಅವರಿಗೆ ಬೇಡ, ನನಗೆ ಹೇಳ್ಬೋದಿತ್ತಲ್ಲ?"

"ನೀನು ಕೇಳ್ಲಿಲ್ವಲ್ಲ. ಕಾಗದ ತಂದು ಇಟ್ಟೆ."

ಅವನು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಲೇ ಇದ್ದ. ಆಮೇಲೆ ತಾನಾಗಿಯೇ ಹೇಳಿದ: "ಅವನು ಸುಳ್ಳ ಅಂತ ನಾನು ಅಂದ್ರೆ, ಅವನ ಕೈಯಲ್ಲಿರೋ ಮಟ್ಟೆಲ್ಲ ಸುಳ್ಳಾಗ್ತವೆ. ಅದ್ರಲ್ಲಿ ಹದಿನೇಳು ನಂದು. ನನ್ನಪ್ಪಂದು, ಅವರಪ್ಪಂದು. ಪಿಟೀಲು ಸುಟ್ಟೆ, ಸರಿ. ಅವನ್ನೂ ಸುಡೋಕೆ ಮನಸ್ಸು ಬರ್ಲಿಲ್ಲಮ್ಮ. ಅವು ಉಳೀಲಿ ಅನ್ನೋ ಆಸೇನೂ ಪಾಪಾನೇ, ಹಾಲ್ವರ್‌ಗೆ ಗೊತ್ತಿಲ್ದೆ ಇರೋ ಪಾಪ. ಅದಕ್ಕೇ ಆ ಬೆಂಚಲ್ಲಿ ಸುಮ್ನೆ ಕೂತೆ."

ಇನ್ನೂ ಕೇಳು. ಶೀಯೆನ್‌ನಲ್ಲಿ ನಿನ್ನ ಮಟ್ಟು ಕೇಳಿಬಂದ ನಮ್ಮ ಅಂಚೆಯವನು ಅದನ್ನೇ ಸಿಳ್ಳೆ ಹಾಕುತ್ತಾ ಬರುತ್ತಾನೆ, ಅಪ್ಪ ಕೇಳಿಸಿಕೊಂಡಿದ್ದಾನೆ. "ಚೆನ್ನಾಗಿದೆ. ಮೂರನೇ ಸುತ್ತು ಮಾತ್ರ ಬಾಯಿಬಡಕ, ಹೇಳಿದ್ದನ್ನೇ ಹೇಳುತ್ತೆ. ನಂದಾಗಿದ್ರೆ ಅಲ್ಲಿ ಕತ್ತರಿಸ್ತಿದ್ದೆ," ಎಂದ. ಅದನ್ನು ಹೇಳುವಾಗ ಮುದುಕನ ಮುಖ ನೋಡಬೇಕಿತ್ತು ನೀನು.

ಹೊರಗೆ ಹೇಳಬೇಡ ಎಂದು ಬೇಡಿದೆ. ನಾನು ಹೇಳುವುದಿಲ್ಲ. ನೀನು ಹೇಳುತ್ತೀಯ. ಈ ಜೂನಿನಲ್ಲಿ ಸ್ಪರ್ಧೆ ನಮ್ಮ ಪಕ್ಕದ ಬೋ ಊರಿನಲ್ಲೇ. ಯಾರಿಂದ ಕಲಿತದ್ದು ಎಂದು ಕೇಳುತ್ತಾರೆ. ನಿಜ ಹೇಳು. ಅಪ್ಪನಿಗೆ ಇನ್ನೆಷ್ಟು ಚಳಿಗಾಲ ಉಳಿದಿದೆ ಎಂದುಕೊಂಡಿದ್ದೀಯ?

ಬೆರ್ಗಿತ್


ಕ್ರಿಸ್ಟಿಯಾನಿಯಾ, ೧೨ ಏಪ್ರಿಲ್ ೧೯೨೪

ಬೆರ್ಗಿತ್,

ಹೇಳುತ್ತೇನೆ. ಜೂನ್ ೨೯ರಂದು, ಅದೇ ಮಟ್ಟು ನುಡಿಸುವ ಮೊದಲು, ಎಲ್ಲರ ಎದುರು. ಇದು ನನ್ನ ಮಾತು.

ಮೂರನೆಯ ಸುತ್ತನ್ನು ಕತ್ತರಿಸಿ ನೋಡಿದೆ. ಅವರು ಹೇಳಿದ್ದು ಸರಿ.

ಸ್ವೈನುಂಗ್


ಹೌಗೆನ್, ೨ ಜುಲೈ ೧೯೨೪

ಸ್ವೈನುಂಗ್,

ನೀನು ಹಿಂಬಾಗಿಲಿನಿಂದ ಹೋಗಿಬಿಟ್ಟೆ. ಆದ್ದರಿಂದ ನಿನಗೆ ಕಾಣದೇ ಹೋದದ್ದನ್ನು ಬರೆಯುತ್ತಿದ್ದೇನೆ.

ಅಪ್ಪನನ್ನು ಹೊರಡಿಸಲು ನನಗೆ ಒಂದು ವಾರ ಹಿಡಿಯಿತು. ಪಿಟೀಲು ಇರುವ ಮನೆಯೊಳಗೆ ಅವನು ಕಾಲಿಟ್ಟು ಮೂವತ್ತು ವರ್ಷ. "ಪಿಟೀಲು ಕೇಳೋಕಲ್ಲ ಅಪ್ಪ, ಅವನು ನಿಜ ಹೇಳೋದನ್ನ ಕೇಳೋಕೆ," ಎಂದೆ. ಕೊನೆಗೆ ಒಪ್ಪಿದ. ಕರಿ ಕೋಟು ಹಾಕಿಕೊಂಡ. ಜೂನ್ ತಿಂಗಳ ಸೆಕೆಯಲ್ಲಿ ನೀನು ಕಳಿಸಿದ ಕತ್ತಿನ ಪಟ್ಟಿಯನ್ನೂ ಸುತ್ತಿಕೊಂಡ. ಬೇಡ ಎಂದರೆ ಕೇಳಲಿಲ್ಲ. ಹಾಲಿನ ಲಾರಿಯಲ್ಲಿ ಡಬ್ಬಗಳ ನಡುವೆ ಕೂತು ಬಂದೆವು. ಕೊನೆಯ ಸಾಲಿನಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಬೇರೆಯವರು ನುಡಿಸುವಾಗ ನೆಲ ನೋಡುತ್ತಿದ್ದ. ನಿನ್ನ ಹೆಸರು ಕರೆದಾಗ ತಲೆ ಎತ್ತಿದ.

ಯಾರಿಂದ ಕಲಿತದ್ದು ಎಂದು ಕೇಳಿದರು. ಮುಂದಿನ ಸಾಲಿನಲ್ಲಿ ಪ್ರೊಫೆಸರರು ಪೆನ್ಸಿಲ್ ಹಿಡಿದು ಕೂತಿದ್ದರು. ನೀನು ಅವರನ್ನು ನೋಡಿದೆ. ಆಮೇಲೆ ಹೇಳಿದೆ, "ಹೌಗೆನ್ ಮನೆಯ ಗುನ್ನುಲ್ಫನಿಂದ."

ಅಷ್ಟಕ್ಕೇ ಮುಗಿದಿದ್ದರೆ ನಾನು ಅಪ್ಪನ ಕೈ ಹಿಡಿದು ಎದ್ದು ಬರುತ್ತಿದ್ದೆ. ಆದರೆ ಅಲ್ಲಿದ್ದವರು ಅಪ್ಪನ ಆಣೆಯನ್ನು ಬಲ್ಲ ಸುತ್ತೂರಿನವರು, ಕೂಗು ಎದ್ದಿತಲ್ಲ. "ಸುಳ್ಳು! ಅವ್ರು ಪಿಟೀಲು ಸುಟ್ಟು ಮೂವತ್ತು ವರ್ಷ ಆಯ್ತು!" "ಸತ್ಯವಂತರ ಹೆಸರು ಮಾರ್ಕೊಂಡು ತಿಂತೀಯೇನೋ?" "ಇಳಿಯೋ ಕೆಳಗೆ!" ಕಾಲು ಬಡಿದರು. ನೀನು ಬಾಯಿ ತೆರೆದುಕೊಂಡು ನಿಂತಿದ್ದೆ.

ಆಗ ಅಪ್ಪ ಎದ್ದು ನಿಂತ. ನಾನು ಕೋಟು ಹಿಡಿದು ಎಳೆದೆ. ಬಿಡಿಸಿಕೊಂಡ. "ಅವನು ಹೇಳಿದ್ದು ನಿಜ," ಎಂದ. "ನಾನೇ ಹೇಳ್ಕೊಟ್ಟಿದ್ದು."

ಅದು ನಿನಗೂ ಕೇಳಿಸಿತು. ನೀನು ಅವನನ್ನು ನೋಡಿದೆ, ಪಿಟೀಲನ್ನೂ ಪೆಟ್ಟಿಗೆಯನ್ನೂ ಅಲ್ಲೇ ಬಿಟ್ಟು ಓಡಿದೆ. ಸಭೆ ಅಪ್ಪನಿಗೆ ಚಪ್ಪಾಳೆ ತಟ್ಟಿತು. ಹಾಲ್ವರ್‌ನ ಅಳಿಯ ಬಾಗಿಲ ಬಳಿಯೇ ನಿಂತಿದ್ದ. ಆಣೆ ಮುರಿದದ್ದನ್ನು ಅಪ್ಪ ತಾನೇ ಒಪ್ಪಿಕೊಂಡ ಎಂಬ ಸುದ್ದಿ ನಾವು ಮನೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು.

ನನ್ನ ಅಪ್ಪ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಎಪ್ಪತ್ತೊಂಬತ್ತನೆಯ ವರ್ಷದಲ್ಲಿ ಒಂದು ಹೇಳಿದ, ಅದೂ ನಿನಗಾಗಿ. ಲಾರಿಯಲ್ಲಿ ವಾಪಸ್ ಬರುವಾಗ ಡಬ್ಬಗಳು ಖಾಲಿ, ದಾರಿಯುದ್ದಕ್ಕೂ ಗಡಗಡ ಸದ್ದು.

ನಿನ್ನ ಪಿಟೀಲು ನಮ್ಮ ಮನೆಯಲ್ಲಿದೆ. ನಾನು ಪೆಟ್ಟಿಗೆಗೆ ಹಾಕಿದೆ, ಅಪ್ಪನೇ ಎತ್ತಿಕೊಂಡು ಬಂದ. ಆಮೇಲೆ ಪೆಟ್ಟಿಗೆ ತೆರೆಯಲಿಲ್ಲ.

ಬೆರ್ಗಿತ್


ಕ್ರಿಸ್ಟಿಯಾನಿಯಾ, ೯ ಜುಲೈ ೧೯೨೪

ಬೆರ್ಗಿತ್,

ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ.

ಆ ಗಳಿಗೆಯಲ್ಲಿ ನ್ಯಾಯವಾಗಿ ನಾನು ಮಾಡಬೇಕಿದ್ದುದು ಒಂದೇ, "ಇಲ್ಲ, ಅವರು ನನ್ನನ್ನು ಉಳಿಸಲು ಹೇಳುತ್ತಿದ್ದಾರೆ" ಎಂದು ಕೂಗುವುದು. ಕಾಲು ನನ್ನ ಮಾತು ಕೇಳಲಿಲ್ಲ. ನಾಲ್ಕು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಬೆಳ್ಳಿ ಹೂಜಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ನಿನ್ನೆ ಎರಡು ಕಾಗದ ಬರೆದೆ. ಒಂದು ಪತ್ರಿಕೆಗೆ, ಒಂದು ಪ್ರೊಫೆಸರರಿಗೆ. ಎರಡರಲ್ಲೂ ಒಂದೇ ಮಾತು: "ಈ ಮಟ್ಟನ್ನು ನಾನು ಗುನ್ನುಲ್ಫನಿಂದ ಕಲಿಯಲಿಲ್ಲ. ನಾನೇ ಕಟ್ಟಿದ್ದು. ಅವರು ಆಣೆ ಮುರಿದಿಲ್ಲ. ಬೋ ಊರಿನಲ್ಲಿ ಅವರು ಹೇಳಿದ್ದು ನನ್ನ ಮೇಲಿನ ಕರುಣೆಯಿಂದ. ಉಳಿದ ಹದಿನೇಳು ಮಟ್ಟುಗಳು ಅವರವೇ; ನನ್ನನ್ನು ನಂಬದಿದ್ದರೆ ಅವರ ಮಗಳನ್ನು ಕೇಳಿ, ಎಲ್ಲವೂ ಆಕೆಯ ಕಿವಿಯಲ್ಲಿವೆ." ಹೂಜಿಯನ್ನು ವಾಪಸ್ ಕಳಿಸಿದೆ. ವೇತನವನ್ನು ಬಹುಶಃ ಅವರೇ ನಿಲ್ಲಿಸುತ್ತಾರೆ.

ಈಗಲಾದರೂ ಪ್ರಾರ್ಥನೆ ಮನೆಯವರು ಅವರನ್ನು ಮುಂದಿನ ಬೆಂಚಿಗೆ ಕರೆಯುತ್ತಾರೆ. ಅದೊಂದಾದರೆ ನನಗೆ ಸಾಕು.

ಸ್ವೈನುಂಗ್


ಹೌಗೆನ್, ೨೮ ಜುಲೈ ೧೯೨೪

ಸ್ವೈನುಂಗ್,

ಪತ್ರಿಕೆ ಬಂತು. ಈ ಸಲವೂ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದರು. ನಾನು ಮನೆಗೆ ತಂದು ಅಪ್ಪನಿಗೆ ಕೊಟ್ಟೆ. ಓದಿ ಮೇಜಿನ ಮೇಲೆ ಬಡಿದ. "ನೋಡು ಇವನ ಕೆಲ್ಸಾನ! ಮೊದ್ಲು ನನ್ನನ್ನ ಆಣೆ ಮುರಿದೋನನ್ನಾಗಿ ಮಾಡ್ದ, ಈಗ ಸುಳ್ಳನನ್ನಾಗಿ ಮಾಡ್ದ. ಒಂದಾದ್ರೂ ನನಗೆ ಬಿಡಬಾರ್ದಿತ್ತಾ?" ಎಂದ. ಸಂಜೆಯ ತನಕ ಗೊಣಗುತ್ತಲೇ ಇದ್ದ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮೊನ್ನೆ ಭಾನುವಾರ ಹಾಲ್ವರ್ ಎಲ್ಲರ ಎದುರು ಪತ್ರಿಕೆ ಎತ್ತಿ ಹಿಡಿದರು. ಅವರ ದನಿಯೂ ಮೆತ್ತಗಾಗಿತ್ತು. "ಗುನ್ನುಲ್ಫ್, ನಾವು ನಿಮಗೆ ಅನ್ಯಾಯ ಮಾಡಿದ್ವಿ. ಆಣೆ ವಿಷಯದಲ್ಲಿ ನೀವು ಶುದ್ಧ," ಎಂದರು. "ಆದ್ರೆ ಬೋ ಊರಲ್ಲಿ ನೂರಾರು ಜನದ ಮುಂದೆ ಸುಳ್ಳು ಹೇಳಿದ್ರಿ. ಅದೂ ಪಾಪವೇ. ಪಶ್ಚಾತ್ತಾಪ ಆಗಿದೆ ಅಂತ ಒಂದು ಮಾತು ಹೇಳಿ, ಮುಂದಕ್ಕೆ ಬನ್ನಿ. ಬೈಬಲ್ ನಿಮ್ಮ ಜಾಗದಲ್ಲೇ ಇದೆ."

ಅಪ್ಪ ಎದ್ದು ನಿಂತ. ಎಲ್ಲರೂ ತಿರುಗಿ ನೋಡಿದರು. ನಾನೂ ಆ ಬೆಂಚಿನ ಕಡೆ ತಿರುಗಿ ನೋಡಿದೆ, ಎಷ್ಟೋ ತಿಂಗಳ ಮೇಲೆ.

"ಸುಳ್ಳು ಹೇಳಿದ್ದು ಹೌದು," ಎಂದ. "ಪಾಪ ಅಂತಾನೂ ಗೊತ್ತು. ಆದ್ರೆ ಪಶ್ಚಾತ್ತಾಪ ಆಗಿಲ್ಲ. ಆಗಿದೆ ಅಂದ್ರೆ ಅದು ಇನ್ನೊಂದು ಸುಳ್ಳಾಗುತ್ತೆ."

"ಯಾಕೆ ಗುನ್ನುಲ್ಫ್? ಅವನು ನಿಮಗೆ ಮಾಡಿದ್ದು ಕಮ್ಮೀನಾ?"

"ಏನ್ ಮಾಡ್ಲಿ," ಎಂದ ಅಪ್ಪ. "ಹುಡುಗ ಅಲ್ಲಿ ಒಬ್ನೇ ನಿಂತಿದ್ದ."

ನಿನಗೆ ನಲವತ್ತನಾಲ್ಕು ವರ್ಷ, ಸ್ವೈನುಂಗ್. ಅವನಿಗೆ ನೀನಿನ್ನೂ ಹುಡುಗ.

ಹಾಲ್ವರ್ ಬೈಬಲನ್ನು ಬೇರೆಯವರ ಕೈಗೆ ಕೊಟ್ಟರು. ಅಪ್ಪ ಮತ್ತೆ ಬಾಗಿಲ ಬಳಿಯ ಬೆಂಚಿನಲ್ಲೇ ಕೂತ. ನಾನು ಹೆಂಗಸರ ಕಡೆಯಿಂದ ಎದ್ದೆ. ಕಾಲಿನಲ್ಲಿ ಮರದ ಜೋಡು, ಆ ನಿಶ್ಶಬ್ದದಲ್ಲಿ ಹೆಜ್ಜೆ ಹೆಜ್ಜೆಗೂ ಟಕ ಟಕ ಎಂದಿತು. ಹೋಗಿ ಅವನ ಪಕ್ಕ ಕೂತೆ. ಅವನು ಸ್ವಲ್ಪ ಸರಿದು ಜಾಗ ಕೊಟ್ಟ.

ಇನ್ನು ಮೇಲೆ ನಾವಿಬ್ಬರೂ ಅಲ್ಲೇ ಕೂರುವುದು. ನಿನಗೆ ನಾಚಿಕೆಯಾಗುತ್ತದೆಂದು ಬಲ್ಲೆ, ಆಗಲಿ ಎಂದೇ ಬರೆದೆ. ಆದರೆ ಪಿಟೀಲನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಅದನ್ನು ನೀನೇ ಬಂದು ತೆಗೆದುಕೊಂಡು ಹೋಗಬೇಕಂತೆ, ಅದೂ ಭಾನುವಾರವೇ ಬರಬೇಕಂತೆ. ಆ ಬೆಂಚಿನಲ್ಲಿ ಮೂರು ಜನ ಕೂರಬಹುದು ಎಂದು ಅಪ್ಪ ಹೇಳಿದ.

ಬೆರ್ಗಿತ್